ಯಾವ ಹಾಡ ಹಚ್ಚಲಿ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಮಲಪ್ರಭೆಯ ಸೀಮೆಯ ಈ ನಾಲ್ಕು ಊರುಗಳಲ್ಲಿ ಹಾಡು, ಆಟ, ಸಿನಿಮಾ ಯಾವಾಗ ಮಗ್ಗಲು ಬದಲಿಸಿದವು? ದಶಕದ ಲೆಕ್ಕ ಕ್ಯಾಲೆಂಡರಿನಲ್ಲಿದೆ. ಯುಗದ ಲೆಕ್ಕ ಮಾತ್ರ ಮೈಕ್ ಸೆಟ್ ಅಂಗಡಿಯ ಹಿಂದಿನ ಖೋಲಿಯಲ್ಲಿದೆ.

ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿಗೆ ಎರಡು ಖೋಲಿ ಇರುತ್ತವೆ. ಮುಂದಿನದರಲ್ಲಿ ಈ ವರ್ಷದ ಜಾತ್ರೆ, ಮದುವೆ, ಮೆರವಣಿಗೆಗೆ ಹೋಗಿಬರುವ ಸಾಮಾನು: ಆಳೆತ್ತರದ ಬಾಕ್ಸ್‌ಗಳು, ಗಿರಕಿ ಹೊಡೆಯುವ ಲೈಟುಗಳು, ಎಲ್‌ಇಡಿ ಪರದೆಯ ಚೌಕಗಳು. ಹಿಂದಿನದರಲ್ಲಿ ಕೆಲಸ ಬಿಟ್ಟ ಸಾಮಾನು. ಮೇಲುಗಡೆ ಪೆನ್ ಡ್ರೈವ್ ಚುಚ್ಚುವ ಆಂಪ್ಲಿಫೈಯರ್. ಅದರ ಕೆಳಗೆ ಬಾಯಿ ಮುಚ್ಚದ ಸಿ.ಡಿ. ಪ್ಲೇಯರ್. ಅದರ ಕೆಳಗೆ ಜೋಡಿ ಬಾಗಿಲಿನ ಟೇಪ್ ಡೆಕ್, ಪಕ್ಕದಲ್ಲಿ ಗೋಣಿಚೀಲದ ತುಂಬ ಕ್ಯಾಸೆಟ್. ಎಲ್ಲಕ್ಕೂ ತಳದಲ್ಲಿ, ಮುಳ್ಳು ಕಳಕೊಂಡ ಗ್ರಾಮಫೋನು. ನೆಲ ಅಗೆದು ಪದರು ಎಣಿಸುವ ಕಷ್ಟ ಇಲ್ಲಿಲ್ಲ. ನಮ್ಮ ಸೀಮೆಯ ಎಪ್ಪತ್ತು ವರ್ಷದ ಮನರಂಜನೆಯ ಚರಿತ್ರೆ ಅಲ್ಲಿ ಒಂದರ ಮೇಲೊಂದು ಕೂತಿದೆ.

ಈ ಎಲ್ಲ ಸಾಮಾನಿನ ಮುಂದೆ ನಿಂತು ಮೈಕಿನವನು ಕೇಳುತ್ತ ಬಂದ ಪ್ರಶ್ನೆ ಒಂದೇ: "ಯಾವ ಹಾಡ ಹಚ್ಚಲಿ?" ನಮ್ಮ ಕಡೆ ಹಾಡನ್ನು ಹಾಕುವುದಿಲ್ಲ, ಹಚ್ಚುತ್ತೇವೆ. ದೀಪ ಹಚ್ಚಿದ ಹಾಗೆ, ಒಲೆ ಹಚ್ಚಿದ ಹಾಗೆ. ಒಬ್ಬರು ಹಚ್ಚಿದರೆ ಸುತ್ತ ಕೂತವರಿಗೆಲ್ಲ ಅದರ ಕಾವು ತಾಗುತ್ತದೆ. ಹಾಗಾಗಿ ಯಾರು ಹಚ್ಚಬೇಕು, ಯಾವುದನ್ನು ಹಚ್ಚಬೇಕು ಎಂಬುದು ಸಣ್ಣ ಮಾತಲ್ಲ.

ಈ ಲೇಖನ ಹೇಳಹೊರಟಿರುವುದು ಇಷ್ಟು: ಹೊಸ ಹಾಡು ಬಂದಾಗ ಯುಗ ಬದಲಾಗುವುದಿಲ್ಲ, ಹೊಸ ಹಾಡು ದಿನಾ ಬರುತ್ತದೆ. ಹಾಡು ಆರಿಸುವ ಕೈ ಬದಲಾದಾಗ ಯುಗ ಬದಲಾಗುತ್ತದೆ.

ಸೊನ್ನೆಯಲ್ಲಿ ಶುರುವಾಗದ ದಶಕಗಳು

ಪತ್ರಿಕೆಯವರಿಗೆ ದಶಕ ಎಂಬುದು ಅನುಕೂಲದ ಅಳತೆ. 'ಎಂಬತ್ತರ ದಶಕದ ಹಾಡು', 'ತೊಂಬತ್ತರ ದಶಕದ ಮಕ್ಕಳು' ಎಂದು ಬರೆದುಬಿಡುತ್ತೇವೆ. ಇತಿಹಾಸಕಾರರು ಈ ಅಳತೆಯನ್ನು ಎಂದೂ ನಂಬಿದವರಲ್ಲ. ಎರಿಕ್ ಹಾಬ್ಸ್‌ಬಾಮ್ ಹತ್ತೊಂಬತ್ತನೆಯ ಶತಮಾನವನ್ನು 1789ರಿಂದ 1914ರವರೆಗೆ ಹಿಗ್ಗಿಸಿದರು, ಇಪ್ಪತ್ತನೆಯದನ್ನು 1914ರಿಂದ 1991ಕ್ಕೆ ಕುಗ್ಗಿಸಿದರು. ಅಮೆರಿಕದಲ್ಲಿ 'ಅರವತ್ತರ ದಶಕ' ಶುರುವಾದದ್ದು 1963ರ ನವೆಂಬರಿನಲ್ಲಿ ಕೆನಡಿ ಹತ್ಯೆಯಾದಾಗ ಎನ್ನುವವರಿದ್ದಾರೆ. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ಹುಡುಗರು ಅಲ್ಲಿನ ಟಿ.ವಿ.ಯಲ್ಲಿ ಕಾಣಿಸಿಕೊಂಡ ರಾತ್ರಿ ಎನ್ನುವವರೂ ಇದ್ದಾರೆ.

ನಮ್ಮ ಕಟ್ಟೆಯ ಮೇಲಿನ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರು ಇಸವಿ ಹೇಳುವುದೇ ಇಲ್ಲ. 'ಡ್ಯಾಂ ಆದ ಮ್ಯಾಲೆ' ಎಂದರೆ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದ ಎಪ್ಪತ್ತರ ದಶಕದ ಮೊದಲ ವರ್ಷಗಳು. 'ರಾಜಕುಮಾರನ್ನ ವೀರಪ್ಪನ್ ಒಯ್ದ ವರ್ಷ' ಎಂದರೆ 2000. 'ನೋಟ್ ಬಂದ್ ಆದಾಗ' ಎಂದರೆ 2016. 'ಕೊರೊನಾಕ್ಕಿಂತ ಮುಂಚೆ' ಎಂದರೆ ಬೇರೆಯದೇ ಜನ್ಮ.

ಮನರಂಜನೆಯ ತಿರುವುಗಳನ್ನೂ ಹೀಗೇ ಗುರುತು ಹಾಕುತ್ತ ಹೋದರೆ 1987, 1994, 2006, 2016 ಸಿಗುತ್ತವೆ. ದಶಕದ ಹೆಸರು ಸೊನ್ನೆಯಲ್ಲಿ ಶುರುವಾದರೂ ಬದಲಾವಣೆ ಬರುವುದು ನಡುವಿನಲ್ಲೋ ಅದರ ಆಚೆಗೋ. ಟಿ.ವಿ. ಬಂದ ಮೇಲೆ ಸೊನ್ನೆಯ ಮಾತು ಕೇಳಿದ್ದು 2020 ಒಂದೇ.

ವೀಳ್ಯ ಕೊಟ್ಟವರ ಕಾಲ

ಮೊದಲು ಹಾಡು ಆರಿಸುತ್ತಿದ್ದದ್ದು ಊರು. ಊರೆಂದರೆ ಗೌಡರು, ಪಂಚರು, ಜಾತ್ರೆಯ ಮುಂದಾಳುಗಳು. ಮೇಳಕ್ಕೆ ವೀಳ್ಯ ಕೊಟ್ಟು ಬಂದರೆ ಮುಗಿಯಿತು, ಆ ರಾತ್ರಿ ಎಲ್ಲರೂ ಅದನ್ನೇ ನೋಡಬೇಕು. ಹರದೇಶಿ–ನಾಗೇಶಿಯವರು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ಪದದಲ್ಲೇ ಜಗಳವಾಡಿದರೆ ಊರೂ ಎರಡು ಪಕ್ಷವಾಗಿ ಕೂತು ಕೇಳಿತು. ಗೋಕಾಕ ಸೀಮೆಯಿಂದ ಶ್ರೀಕೃಷ್ಣ ಪಾರಿಜಾತ ಬಂದಿತು. ಕುಲಗೋಡ ತಮ್ಮಣ್ಣ ಬೆಳೆಸಿದ ಆ ಆಟಕ್ಕೆ ಮುಂದೆ ಕೌಜಲಗಿ ನಿಂಗಮ್ಮ ಹೆಣ್ಣಿನ ಕೊರಳು ಕೊಟ್ಟರು.

ಬೈಲಹೊಂಗಲಕ್ಕಂತೂ ಹೊರಗಿನ ಕತೆಯೇ ಬೇಕಿರಲಿಲ್ಲ. ಈ ಊರಿನಲ್ಲೇ ನಡೆಯಿತೆಂದು ಹೇಳುವ ಒಂದು ಪ್ರೇಮ, ಒಂದು ದ್ರೋಹ, ಒಂದು ಕೊಲೆಯನ್ನು ಇದೇ ಊರಿನ ಪತ್ತಾರ ಮಾಸ್ತರರು ಸಣ್ಣಾಟ ಮಾಡಿದರು. ಅದೇ 'ಸಂಗ್ಯಾ ಬಾಳ್ಯಾ'. ದೇವರಿಲ್ಲದ, ರಾಜನಿಲ್ಲದ, ಪಕ್ಕದ ಓಣಿಯ ಗಂಡಸು ಹೆಂಗಸರೇ ಪಾತ್ರವಾದ ಆಟ. ಪುರಾಣ ನೋಡಿ ಬೆಳೆದ ಜನಕ್ಕೆ ಇದು ಎಷ್ಟು ಹೊಸದಾಗಿ ಕಂಡಿರಬೇಕು ಎಂಬುದನ್ನು ಇವತ್ತಿನ ಕ್ರೈಂ ಸೀರಿಯಲ್ ನೋಡುವವರು ಊಹಿಸಿಕೊಳ್ಳಬಹುದು.

ಆಮೇಲೆ ಆರಿಸುವ ಕೈ ಊರಿನಿಂದ ನಾಟಕ ಕಂಪನಿ ಮಾಲೀಕರಿಗೆ ದಾಟಿತು. ಈ ದಾಟುವಿಕೆಯ ಬೇರೂ ನಮ್ಮ ಸೀಮೆಯಲ್ಲೇ ಇದೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. ಅವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯ ರಂಗಕ್ಕೆ ಬಂದು ಮಹಾರಾಷ್ಟ್ರದ ಕಿವಿಯನ್ನೇ ಬದಲಿಸಿತು. ಅದಕ್ಕೂ ಮೊದಲೇ, ಮರಾಠಿ ಮಂಡಳಿಗಳ ಅಬ್ಬರ ಕಂಡು, ಗದುಗಿನ ಕಡೆ ಶಾಂತಕವಿಗಳು ಕನ್ನಡ ನಾಟಕ ಕಟ್ಟಿದ್ದರು. ಹೀಗೆ ನಮ್ಮ ಮಣ್ಣಿನ ಒಬ್ಬ ಮರಾಠಿಗೆ ಕೊಟ್ಟ, ಆ ಮರಾಠಿಯ ಮೇಲಿನ ಹಟಕ್ಕೆ ಕನ್ನಡ ಗಳಿಸಿಕೊಂಡಿತು. ಗಡಿಭಾಗದಲ್ಲಿ ಲೆಕ್ಕ ಚುಕ್ತಾ ಆಗುವುದು ಹೀಗೆ.

ಕಂಪನಿಯ ಕಾಲವನ್ನು ಒಂದೇ ಜೀವದಲ್ಲಿ ನೋಡಬೇಕೆಂದರೆ ಏಣಗಿ ಬಾಳಪ್ಪನವರನ್ನು ನೆನೆಯಬೇಕು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದರು. ಕಲಾವೈಭವ ನಾಟ್ಯ ಸಂಘ ಕಟ್ಟಿದರು. 'ಜಗಜ್ಯೋತಿ ಬಸವೇಶ್ವರ'ದಲ್ಲಿ ಅವರು ಬಸವಣ್ಣನಾಗಿ ನಿಂತರೆ ನಟ ಯಾರು, ಶರಣ ಯಾರು ಎಂಬುದು ಜನಕ್ಕೆ ಮರೆತುಹೋಗುತ್ತಿತ್ತು. ತೀರಿಕೊಂಡದ್ದು 2017ರ ಆಗಸ್ಟಿನಲ್ಲಿ, 103ನೇ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ಜಿಯೊ ಬಂದು ವರ್ಷ ಸಮೀಪಿಸಿತ್ತು. ಬಯಲಾಟದ ಬೆಳಕಿನಲ್ಲಿ ಕಣ್ಣು ಬಿಟ್ಟವರು ಮೊಬೈಲಿನ ಬೆಳಕಿನಲ್ಲಿ ಕಣ್ಣು ಮುಚ್ಚಿದರು. ಈ ಲೇಖನದಲ್ಲಿ ಬರುವ ಹೆಚ್ಚುಕಡಿಮೆ ಎಲ್ಲ ಯುಗಗಳೂ ಆ ಒಂದು ಆಯುಷ್ಯದಲ್ಲಿ ಹಿಡಿಸಿದವು.

ಕಂಪನಿ ಸತ್ತಿತು ಎಂದು ಪ್ರತಿ ದಶಕದಲ್ಲೂ ಒಬ್ಬರು ಬರೆಯುತ್ತಾರೆ. ರಾಮದುರ್ಗದಿಂದ ಸ್ವಲ್ಪವೇ ದೂರದ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಒಂದೇ ಬಯಲಲ್ಲಿ ಹಲವು ಕಂಪನಿಗಳ ತಗಡಿನ ಥಿಯೇಟರು ಎದ್ದಿರುತ್ತವೆ. ಇಲ್ಲಿ ಹಳೆಯದು ಸಾಯುವುದಿಲ್ಲ. ಕೇಂದ್ರ ಬಿಟ್ಟುಕೊಟ್ಟು ಜಾತ್ರೆಗೆ ಸರಿಯುತ್ತದೆ, ಅಷ್ಟೇ.

ಧಾರವಾಡದ ಗಾಳಿ, ರಾಮದುರ್ಗದ ಮಗ್ಗ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಆಗ ಬೆಳಗಾವಿ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೈಸೂರು ರಾಜ್ಯ ಸೇರಲು ಆರು ವರ್ಷ ಬಾಕಿ. ನಕಾಶೆ ಒಂದಾಗುವ ಮೊದಲೇ ಕಿವಿ ಒಂದಾಯಿತು. ಮುರಗೋಡದ ಹುಕ್ಕೇರಿ ಬಾಳಪ್ಪ ಸ್ವಾತಂತ್ರ್ಯದ ಹೋರಾಟದಲ್ಲಿ ಬೀದಿಬೀದಿ ಹಾಡಿದವರು. 'ಸಾವಿರ ಹಾಡಿನ ಸರದಾರ' ಎಂದು ನಾಡು ಅವರನ್ನು ಕರೆಯಿತು. ಬೀದಿಯ ಆ ಕೊರಳು ರೇಡಿಯೊದಲ್ಲಿ ಬಂದಾಗ ಗ್ರಾಮಫೋನಿಲ್ಲದ ಮನೆಗೂ ಒಂದು ಸಂಗತಿ ದಕ್ಕಿತು: ಹಾಡುವವನನ್ನು ನೋಡದೆಯೂ ಅವನ ಹಾಡು ಕೇಳಬಹುದು.

ರಾಮದುರ್ಗ ನೇಕಾರರ ಊರು. ಕೈಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ರೇಡಿಯೊ ಹೇಳಿಮಾಡಿಸಿದ ಸಂಗಾತಿ: ಕೈಯೂ ಕಣ್ಣೂ ನೂಲಿಗೆ, ಕಿವಿ ಮಾತ್ರ ಖಾಲಿ. ಯಾವ ಹಾಡು ಎಂಬುದನ್ನು ಈಗ ಧಾರವಾಡ ತೀರ್ಮಾನಿಸುತ್ತಿತ್ತು. ನಿಮ್ಮ ಪಾಲಿಗೆ ಉಳಿದದ್ದು ಒಂದು ಪೋಸ್ಟ್ ಕಾರ್ಡು: ಮೆಚ್ಚಿನ ಚಿತ್ರಗೀತೆ ಕೋರಿ ಬರೆದು, ಹೆಸರು ಓದುತ್ತಾರೇನೋ ಎಂದು ವಾರಗಟ್ಟಲೆ ಕಾಯುವುದು. ಆಮೇಲೆ ಪಾವರ್‌ಲೂಮ್ ಬಂದಿತು. ಅದರ ಖಟಖಟದಲ್ಲಿ ರೇಡಿಯೊ ಕೇಳಿಸದಾಯಿತು. ರೇಡಿಯೊ ಯುಗ ಮುಗಿಯಲು ಟಿ.ವಿ. ಕಾರಣ ಎಂದು ಪುಸ್ತಕಗಳು ಬರೆಯುತ್ತವೆ. ಮಗ್ಗದ ಮನೆಯಲ್ಲಿ ಅದನ್ನು ಮುಗಿಸಿದ್ದು ಮಗ್ಗವೇ.

ಎಂಬತ್ತರ ಎರಡು ಹೋಳು

ಎಂಬತ್ತರ ದಶಕ ಒಂದೇ ದಶಕವಲ್ಲ, ಎರಡು. ಮೊದಲ ಹೋಳು ಕ್ಯಾಸೆಟ್ಟಿನದು, ಎರಡನೆಯದು ಟಿ.ವಿ.ಯದು. ಅವೆರಡರ ಗುಣ ಪೂರ್ತಿ ಉಲ್ಟಾ.

ಕ್ಯಾಸೆಟ್ಟು ಆರಿಸುವ ಹಕ್ಕನ್ನು ಹಂಚಿತು. ಖಾಲಿ ಕ್ಯಾಸೆಟ್ಟಿಗೆ ಚೀಟಿ ಬರೆದುಕೊಟ್ಟರೆ ಅಂಗಡಿಯವನು ಬೇಕಾದ ಹಾಡು ತುಂಬಿಸಿ ಕೊಡುತ್ತಿದ್ದ. ಭಜನಾ ಮೇಳದ ತತ್ತ್ವಪದ, ಚೌಡಿಕೆ ಪದ, ಗೀಗೀ ಪದ, ಲಾವಣಿ: ಧಾರವಾಡದ ಪಾಳಿಗೆ ಕಾಯಬೇಕಿದ್ದ ಎಲ್ಲವೂ ಈಗ ಗೂಡಂಗಡಿಯ ದಾರಕ್ಕೆ ತೂಗಿದವು. ಗುರುರಾಜ ಹೊಸಕೋಟಿಯಂಥವರು ಜವಾರಿ ಮಾತನ್ನೇ ಹಾಡು ಮಾಡಿ ಕ್ಯಾಸೆಟ್ಟಿನ ಹೀರೊಗಳಾದರು. ಇತ್ತ ಶಿಶುನಾಳ ಶರೀಫರ ಪದಗಳು ಏಕತಾರಿ, ದಮ್ಮಡಿ ಬಿಟ್ಟು ಬೆಂಗಳೂರಿಗೆ ಹೋಗಿ, ಸಿ. ಅಶ್ವತ್ಥರ ಕೊರಳಲ್ಲಿ ಸುಗಮ ಸಂಗೀತವಾಗಿ ಹಿಂತಿರುಗಿದವು. ನಮ್ಮ ಕಟ್ಟೆಯ ಪದವನ್ನು ನಾವೇ ರೊಕ್ಕ ಕೊಟ್ಟು ಕೊಂಡೆವು.

ಟಿ.ವಿ. ಆ ಹಕ್ಕನ್ನು ಮತ್ತೆ ಕಸಿದುಕೊಂಡಿತು. 1987ರ ಜನವರಿಯಿಂದ ಭಾನುವಾರ ಮುಂಜಾನೆ 'ರಾಮಾಯಣ'. ಏನು ನೋಡಬೇಕು ಎಂಬುದು ದಿಲ್ಲಿಯ ತೀರ್ಮಾನ. ಭಾಷೆ ಹಿಂದಿ. ಓಣಿಗೊಂದೇ ಟಿ.ವಿ., ಅದು ಕಟ್ಟೆಯ ಮೇಲೆ. ಕರೆಂಟು ಕೈಕೊಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿ. ಊಟ, ಸಂತೆ, ಹೊಲದ ಕೆಲಸ ಎಲ್ಲವೂ ಆ ಹೊತ್ತಿನ ಸುತ್ತ ಸರಿದುಕೊಂಡವು. ಮೈಕಿನವನು ಕೂಡ ಆಗ ಹಾಡು ಹಚ್ಚುತ್ತಿರಲಿಲ್ಲ.

1994ರಲ್ಲಿ ಉದಯ ಟಿ.ವಿ., 2000ದ ಕೊನೆಗೆ ಈಟಿವಿ ಕನ್ನಡ ಬಂದಾಗ ಟಿ.ವಿ. ಕಟ್ಟೆಯಿಂದ ಎದ್ದು ಪಡಸಾಲೆಗೆ ಬಂದಿತು. ಆರಿಸುವ ಜಗಳ ಈಗ ಊರಿನದಾಗಿರದೆ ಮನೆಯದಾಯಿತು. ಅದರ ಆಯುಧ ರಿಮೋಟು. ಸಂಜೆಯ ಹೊತ್ತು ಅದು ಹೆಂಗಸರ ಕೈಗೆ ಬಂದಿತು. ಈ ಸೀಮೆಯಲ್ಲಿ ಮನರಂಜನೆಯ ಮಟ್ಟಿಗೆ ಹೆಂಗಸರು ಆರಿಸಿದ್ದನ್ನು ಗಂಡಸರು ಕೂತು ನೋಡಿದ್ದು ಬಹುಶಃ ಅದೇ ಮೊದಲು. ಇದನ್ನು ಯಾರೂ ಕ್ರಾಂತಿ ಎಂದು ಕರೆಯಲಿಲ್ಲ. ಗಂಡಸರು ಕಟ್ಟೆಗೆ ಹೋಗಿ ಕೂತರು.

ರೀಲು ಬಸ್ಸಿನಲ್ಲಿ ಬರುತ್ತಿತ್ತು

ಈ ನಾಲ್ಕೂ ಊರಿಗೆ ರೈಲಿಲ್ಲ. ಕಿತ್ತೂರಿನ ಪಕ್ಕ ಪುಣೆ–ಬೆಂಗಳೂರು ಹೆದ್ದಾರಿ ಹರಿದಿದೆ, ಉಳಿದ ಮೂರೂ ಒಳದಾರಿಯ ಊರು. ಹಾಗಾಗಿ ಹೊಸ ಯುಗವೂ ಬಸ್ಸು ಹತ್ತಿಯೇ ಬರಬೇಕಿತ್ತು. ಬೆಂಗಳೂರಿನಲ್ಲಿ ತೆರೆಕಂಡ ಸಿನಿಮಾ ಮೊದಲು ಹುಬ್ಬಳ್ಳಿ, ಬೆಳಗಾವಿಗೆ. ಅಲ್ಲಿ ಓಡಿ ಸುಸ್ತಾದ ಮೇಲೆ ರೀಲಿನ ಡಬ್ಬಿ ತಾಲ್ಲೂಕಿಗೆ. ಕೊನೆಗೆ ಗೆರೆ ಗೆರೆಯಾಗಿ ಜಾತ್ರೆಯ ಟೂರಿಂಗ್ ಟಾಕೀಜಿಗೆ. ನಗರ ಒಂದು ಮೋಜನ್ನು ಬಿಟ್ಟ ಮೇಲೆ ನಮ್ಮಲ್ಲಿ ಅದು ಶುರುವಾಗುತ್ತಿತ್ತು. ಒಂದೇ ಜಿಲ್ಲೆಯಲ್ಲಿ, ಒಂದೇ ತಾರೀಖಿನಂದು ಎರಡು ಬೇರೆ ಬೇರೆ ಕಾಲ ನಡೆಯುತ್ತಿದ್ದವು.

ಈ ತಡವನ್ನು ಅಳೆಯಲು ಒಳ್ಳೆಯ ಜಾಗ ಕಟಿಂಗ್ ಅಂಗಡಿಯ ಗೋಡೆ. 2003ರಲ್ಲಿ ಬಂದ 'ತೇರೆ ನಾಮ್'ನ ನಡುಬೈತಲೆ ನಮ್ಮ ಹುಡುಗರ ಹಣೆಯ ಮೇಲೆ ವರ್ಷಗಳ ಕಾಲ ಇಳಿಬಿದ್ದಿತ್ತು. 2005ರಲ್ಲಿ 'ಜೋಗಿ' ಬಂದಿತು, ಶಿವರಾಜಕುಮಾರರ ಉದ್ದ ಕೂದಲು ಬಂದಿತು. 2006ರ ಡಿಸೆಂಬರ್ 29ರಂದು ತೆರೆಕಂಡ 'ಮುಂಗಾರು ಮಳೆ' ಕೂದಲಿಗಿಂತ ಹೆಚ್ಚಾಗಿ ಮಾತನ್ನು ಬದಲಿಸಿತು. ಮಚ್ಚು ಹಿಡಿಯದೆ, ವಟವಟ ಮಾತಾಡುತ್ತ, ಮಳೆಯಲ್ಲಿ ನೆನೆಯುತ್ತ, ಕೊನೆಗೆ ಸೋತು ಹೋಗುವ ನಾಯಕನನ್ನು ನಮ್ಮ ಹುಡುಗರು ಒಪ್ಪಿಕೊಂಡರು. ಮಳೆಗಾಗಿ ಮುಗಿಲು ನೋಡುವ ಸವದತ್ತಿ–ರಾಮದುರ್ಗದ ಎರಿಹೊಲದಲ್ಲಿ ಮಳೆಯ ಸಿನಿಮಾ ಮನಸ್ಸಿಗೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. 2018ರ 'ಕೆಜಿಎಫ್' ಹೊತ್ತಿಗೆ ತಡವೆಂಬುದೇ ಇರಲಿಲ್ಲ: ಟ್ರೇಲರು ಬೆಂಗಳೂರಿಗೆ ಬಂದ ನಿಮಿಷಕ್ಕೇ ರಾಮದುರ್ಗಕ್ಕೂ ಬಂದಿತು, ಗಡ್ಡ ಅದರ ಹಿಂದೆಯೇ ಬೆಳೆಯಿತು. ರೀಲಿಗೆ ಬಸ್ಸು ಬೇಕಿತ್ತು. ರೀಲ್ಸ್‌ಗೆ ಬೇಡ.

ಹತ್ತು ವರ್ಷ, ಮೂರು ಯುಗ

ಒಂದೇ ದಶಕದೊಳಗೆ ಎಷ್ಟು ಗಡಿ ಬೀಳಬಹುದು ಎಂಬುದಕ್ಕೆ 2010ರಿಂದ 2020ರವರೆಗಿನ ಅವಧಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಅದರ ಮೊದಲ ಭಾಗ ಮೆಮರಿ ಕಾರ್ಡಿನದು. ಉಗುರಿನಷ್ಟು ಕಾರ್ಡು, ಜೋರು ಸ್ಪೀಕರಿನ ಚೈನಾ ಸೆಟ್ಟು. ಬಸ್‌ ಸ್ಟ್ಯಾಂಡಿನ ಬದಿಯ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಹುಡುಗ ಕಾರ್ಡು ತುಂಬಿಸಿ ಕೊಡುತ್ತಿದ್ದ. 'ಹಳೇ ಹಾಡು', 'ಭಕ್ತಿ', 'ಜಾನಪದ', 'ಲವ್ ಫೀಲಿಂಗ್' ಎಂದು ಅವನದೇ ವಿಂಗಡಣೆ. ಯಾವ ಸ್ಟೇಷನ್ ಡೈರೆಕ್ಟರಿಗೂ ಇಲ್ಲದ ಅಧಿಕಾರ ಆ ಹುಡುಗನಿಗಿತ್ತು. ತಾಲ್ಲೂಕಿನ ಅರ್ಧ ಜನ ಆ ವರ್ಷ ಏನು ಗುನುಗುತ್ತಾರೆ ಎಂಬುದು ಅವನ ಕಂಪ್ಯೂಟರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿತ್ತು. ಚರಿತ್ರೆ ಅವನನ್ನು ಎಲ್ಲೂ ಬರೆದಿಟ್ಟಿಲ್ಲ.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂದಿತು. ತಿಂಗಳುಗಟ್ಟಲೆ ಡೇಟಾ ಪುಕ್ಕಟೆ. ಅಂಗಡಿಯ ಹುಡುಗ ಸ್ಕ್ರೀನ್ ಗಾರ್ಡು ಅಂಟಿಸುವ ಕೆಲಸಕ್ಕೆ ತಿರುಗಿದ. ಈ ಗಡಿಯ ನಿಜವಾದ ಅರ್ಥ ನಾವು ನೋಡುವುದು ಹೆಚ್ಚಾಯಿತು ಎಂಬುದಲ್ಲ, ನಮ್ಮನ್ನು ನೋಡುವುದು ಶುರುವಾಯಿತು ಎಂಬುದು. ಬೆಳಗಾವಿ–ಬಾಗಲಕೋಟ ಜಿಲ್ಲೆಗಳ ಸಣ್ಣ ಸ್ಟುಡಿಯೊಗಳಲ್ಲಿ ಹಾಡಿದ 'ಜಾನಪದ ಡಿಜೆ ಸಾಂಗು'ಗಳು ಯೂಟ್ಯೂಬಿನಲ್ಲಿ ನಾಡೆಲ್ಲ ಸುತ್ತಿದವು. ಮಾಳು ನಿಪನಾಳರ 'ನಾ ಡ್ರೈವರಾ' ಬೆಂಗಳೂರಿನ ಕಾಲೇಜು ಅಂಗಳದಲ್ಲೂ ಕುಣಿಸಿತು. ಟಿ.ವಿ.ಯವರೂ ದಿಕ್ಕು ಬದಲಿಸಿದರು. ಕುರಿ ಕಾಯುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ 'ಸರಿಗಮಪ'ದಿಂದ ಮನೆಮಾತಾಗಿ 2025ರಲ್ಲಿ ಬಿಗ್ ಬಾಸ್ ಗೆದ್ದರು. ನಮ್ಮ ಸೀಮೆಯವರೇ ಆದ ಸಂಜು ಬಸಯ್ಯ 'ಕಾಮಿಡಿ ಕಿಲಾಡಿಗಳು' ವೇದಿಕೆಯಲ್ಲಿ ನಮ್ಮ ಮಾತಿನಲ್ಲೇ ನಗಿಸಿದರು. ಒಂದು ಕಾಲಕ್ಕೆ ಸಿನಿಮಾದಲ್ಲಿ ನಮ್ಮ ಭಾಷೆ ಆಡುತ್ತಿದ್ದವನು ಮನೆಯಾಳು, ಇಲ್ಲವೇ ಪೆದ್ದ. ಈಗ ಅದೇ ಭಾಷೆ ಟಿಕೆಟ್ಟಾಗಿದೆ.

ಹೆಸರಿಟ್ಟುಕೊಳ್ಳುವ ರೀತಿಯಲ್ಲೇ ಯುಗದ ಗೆರೆ ಕಾಣುತ್ತದೆ. ಕೌಜಲಗಿ ನಿಂಗಮ್ಮ, ಕುಲಗೋಡ ತಮ್ಮಣ್ಣ, ಏಣಗಿ ಬಾಳಪ್ಪ: ಊರು ಮುಂದೆ, ಹೆಸರು ಹಿಂದೆ. ಮಾಳು ನಿಪನಾಳ, ಪರಸು ಕೋಲೂರ, ಬಾಳು ಬೆಳಗುಂದಿ: ಹೆಸರು ಮುಂದೆ, ಊರು ಹಿಂದೆ. ಬಾಳಪ್ಪ ಹೋಗಿ ಬಾಳು ಆಗಿದ್ದಾನೆ. ಅಪ್ಪ ಬಿಟ್ಟುಹೋದರೂ ಊರು ಮಾತ್ರ ಬಿಟ್ಟಿಲ್ಲ.

ಮೂರನೆಯ ಗಡಿ ಟಿಕ್‌ಟಾಕಿನದು. ಹಾಡು ಕೇಳುವವರೇ ಅದಕ್ಕೆ ತುಟಿ ಆಡಿಸಿ, ಕುಣಿದು ಪಾತ್ರಧಾರಿಗಳಾದರು. ಕಬ್ಬಿನ ಗದ್ದೆ, ಎಮ್ಮೆಯ ಕೊಟ್ಟಿಗೆ, ಟ್ರ್ಯಾಕ್ಟರಿನ ಬಾನೆಟ್ಟು ರಂಗಸ್ಥಳವಾದವು. ತೆರೆಬಂಡಿ ಸ್ಪರ್ಧೆಯ ಎತ್ತುಗಳಿಗೂ ಅಭಿಮಾನಿಗಳು ಹುಟ್ಟಿಕೊಂಡರು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ ಮೊಮ್ಮಗಳ ಕಾಲೇಜಿನ ಎಥ್ನಿಕ್ ಡೇಗೆ ಎದ್ದು ಬಂದವು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಸಾವಿರಾರು ಅನುಯಾಯಿಗಳಿದ್ದ ಹಳ್ಳಿಯ ಹುಡುಗ ಹುಡುಗಿಯರು ಬೆಳಗಾಗುವಷ್ಟರಲ್ಲಿ ಬರಿಗೈಯಾದರು. ಕಂಪನಿ ಸುಟ್ಟುಹೋದರೆ ಪರದೆಯ ಚಿಂದಿಯಾದರೂ ಉಳಿಯುತ್ತಿತ್ತು. ಇಲ್ಲಿ ಅದೂ ಇಲ್ಲ. ಕೆಲವೇ ದಿನಗಳಲ್ಲಿ ರೀಲ್ಸ್ ಬಂದಿತು, ಆದರೆ ಕುಣಿದವರೆಲ್ಲ ಅಲ್ಲಿಗೆ ಬರಲಿಲ್ಲ. ಅದೇ ವರ್ಷ ಕೊರೊನಾದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡದ ಬಾಗಿಲೂ ತಿಂಗಳುಗಟ್ಟಲೆ ಮುಚ್ಚಿತ್ತು. ಕೈಯೊಳಗಿನ ಜಾತ್ರೆಯೂ ಹೊರಗಿನ ಜಾತ್ರೆಯೂ ಒಟ್ಟಿಗೆ ನಿಂತ ವರ್ಷ ಅದು. ಗಡಿಗಲ್ಲು ಎಂದರೆ ಅದನ್ನೇ ಎನ್ನಬೇಕು.

ಒಬ್ಬ ರಾಣಿ, ಒಬ್ಬ ರಾಯಣ್ಣ, ಹಲವು ವೇಷ

ಇಷ್ಟೆಲ್ಲ ಗಡಿ ದಾಟಿಯೂ ಕದಲದೆ ಉಳಿದ ಒಂದು ಕತೆ ಇಲ್ಲಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ. ಮರು ಯುದ್ಧದಲ್ಲಿ ಸೆರೆಸಿಕ್ಕ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಬಂದಿಯಾಗಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಇರುವುದು ಅಲ್ಲಿಯೇ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಮೊದಲು ಇದನ್ನು ಉಳಿಸಿದ್ದು ಲಾವಣಿ, ಗೀಗೀ ಪದ. ಆಮೇಲೆ ಕಂಪನಿ ನಾಟಕ. 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶನದ 'ಕಿತ್ತೂರು ಚೆನ್ನಮ್ಮ'ದಲ್ಲಿ ಬಿ. ಸರೋಜಾದೇವಿ ರಾಣಿಯಾದರು. ಅಂದಿನಿಂದ ಚೆನ್ನಮ್ಮ ಎಂದರೆ ಆ ಮುಖ, ಆ ದನಿ. 2012ರ ನವೆಂಬರ್ 1ರಂದು 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಂದಾಗ ರಾಣಿ ಜಯಪ್ರದಾ, ಆದರೆ ಸಿನಿಮಾ ದರ್ಶನ್ ಪಾತ್ರ ವಹಿಸಿದ ರಾಯಣ್ಣನದು. ಐವತ್ತೊಂದು ವರ್ಷದ ಅಂತರದಲ್ಲಿ ಅದೇ ಕತೆಯ ನಡುಗಂಬ ಅರಮನೆಯಿಂದ ಹಳ್ಳಿಗೆ, ದೊರೆಸಾನಿಯಿಂದ ಬಂಟನಿಗೆ ಸರಿದಿತ್ತು. ನಾಡಿನ ರಾಜಕೀಯ, ಸಮಾಜ ಎರಡೂ ಸರಿದ ದಿಕ್ಕು ಅದೇ. 2016ರಲ್ಲಿ ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ ರಾಯಣ್ಣನ ಹೆಸರು ಬಂದಿತು. ರೈಲಿಲ್ಲದ ಸೀಮೆಯ ಮನುಷ್ಯ ರಾಜಧಾನಿಯ ರೈಲು ನಿಲ್ದಾಣಕ್ಕೆ ಹೆಸರಾದ! 2021ರಲ್ಲಿ 'ಮುಂಬೈ ಕರ್ನಾಟಕ' ಹೋಗಿ ಇಡೀ ಪ್ರದೇಶವೇ 'ಕಿತ್ತೂರು ಕರ್ನಾಟಕ'ವಾಯಿತು.

ಇವತ್ತು ರಾಯಣ್ಣ ಟಂಟಂ ಗಾಡಿಯ ಹಿಂದಿನ ಗಾಜಿನ ಮೇಲಿದ್ದಾನೆ, ಡಿಜೆ ಹಾಡಿನಲ್ಲಿದ್ದಾನೆ, ಸ್ಟೇಟಸ್ಸಿನಲ್ಲಿದ್ದಾನೆ. ಬ್ರಿಟಿಷರಿಗೆ ಕಪ್ಪ ಕೊಡೆನೆಂಬ ಚೆನ್ನಮ್ಮನ ಮಾತು ಮಾತ್ರ ಯಂತ್ರದ ಹಂಗಿಲ್ಲದೆಯೂ ಉಳಿದಿದೆ. ಪ್ರತಿ ಶಾಲೆಯ ಗ್ಯಾದರಿಂಗಿನಲ್ಲಿ, ರಟ್ಟಿನ ಕತ್ತಿ ಹಿಡಿದ ಏಳೆಂಟು ವರ್ಷದ ಒಬ್ಬ ಹುಡುಗಿ ಉಸಿರು ಬಿಗಿಹಿಡಿದು ಅದನ್ನು ಒಪ್ಪಿಸುತ್ತಾಳೆ. ಅವಳ ಅಜ್ಜಿಯೂ ಒಪ್ಪಿಸಿದ್ದಳು.

ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವಕ್ಕೆ ಹೋದರೆ ಯುಗಗಳ ಪಂಕ್ತಿ ಒಂದೇ ದಿನದಲ್ಲಿ ಕಾಣುತ್ತದೆ. ಮುಂಜಾನೆ ಮೆರವಣಿಗೆಯಲ್ಲಿ ಡೊಳ್ಳು, ಕರಡಿ ಮಜಲು. ಮಧ್ಯಾಹ್ನ ಗೋಷ್ಠಿ. ಸಂಜೆ ಸುಗಮ ಸಂಗೀತ. ರಾತ್ರಿಯ ತುಂಬಿದ ಹೊತ್ತಿಗೆ ಸಿನಿಮಾ ಗಾಯಕರ ರಸಮಂಜರಿ. ಯಾರಿಗೆ ಎಷ್ಟು ಗಂಟೆಗೆ ವೇದಿಕೆ ಎಂಬ ಪಟ್ಟಿಯನ್ನು ಪ್ರತಿ ವರ್ಷ ಎತ್ತಿಟ್ಟುಕೊಂಡು ಬಂದರೆ ಅದಕ್ಕಿಂತ ಒಳ್ಳೆಯ ಅಭಿರುಚಿಯ ಚರಿತ್ರೆ ಬೇರೆ ಬೇಕಿಲ್ಲ.

ಗಡಿಗಲ್ಲುಗಳು

1880: ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ 'ಸಂಗೀತ ಶಾಕುಂತಲ'. ಹಾಡು ಕಂಪನಿಯ ಕೈಗೆ.
1950: ಧಾರವಾಡ ಆಕಾಶವಾಣಿ. ಹಾಡು ಗಾಳಿಯ ಕೈಗೆ.
1987: 'ರಾಮಾಯಣ'. ಆಯ್ಕೆ ದಿಲ್ಲಿಯ ಕೈಗೆ.
1994: ಉದಯ ಟಿ.ವಿ. ಆಯ್ಕೆ ರಿಮೋಟು ಹಿಡಿದವರ ಕೈಗೆ.
2006: 'ಮುಂಗಾರು ಮಳೆ'. ನಾಯಕ ಬದಲಾದ.
2016: ಜಿಯೊ. ಹಳ್ಳಿಯೇ ಹಾಡು ಕಳಿಸತೊಡಗಿತು.
2020: ಟಿಕ್‌ಟಾಕ್ ನಿಷೇಧ, ಜಾತ್ರೆಗಳಿಲ್ಲದ ವರ್ಷ.

ಗುಡ್ಡದ ದಾರಿ, ಮುಂಜಾನೆಯ ಗಾಡಿ

ಭರತ ಹುಣ್ಣಿಮೆಯ ಹೊತ್ತಿಗೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ನಿಂತರೆ ಲೆಕ್ಕ ಕೈಗೆ ಸಿಗುತ್ತದೆ. ಹಿಂದೆ ಚಕ್ಕಡಿ ಸಾಲು. ಈಗ ಅದರ ಜೊತೆ ಟ್ರ್ಯಾಕ್ಟರ್ ಸಾಲು, ಪ್ರತಿಯೊಂದರ ಮೇಲೂ ಬಾಕ್ಸು, ಪ್ರತಿ ಬಾಕ್ಸಿನಲ್ಲೂ ಬೇರೆ ಹಾಡು. ಒಂದರಲ್ಲಿ ಡ್ರೈವರನ ಹಾಡು, ಒಂದರಲ್ಲಿ ಅಪ್ಪು ಸಿನಿಮಾದ್ದು, ಕೊಲ್ಲಾಪುರ ಕಡೆಯಿಂದ ಬಂದ ಗಾಡಿಯಲ್ಲಿ ಮರಾಠಿಯ ಯಲ್ಲಮ್ಮ. ಎಲ್ಲರೂ ತಮಗೆ ಬೇಕಾದ್ದನ್ನೇ ಹಚ್ಚಿದ್ದಾರೆ. ಹಾಗಾಗಿ ಯಾರ ಹಾಡೂ ಕೇಳಿಸುವುದಿಲ್ಲ. ಮೆಟ್ಟಿಲ ಬದಿಯಲ್ಲಿ ಜೋಗತಿಯೊಬ್ಬಳು ಚೌಡಿಕೆ ಮೀಟುತ್ತ ಕೂತಿರುತ್ತಾಳೆ. ಬಗ್ಗಿದರೆ ಮಾತ್ರ ಕೇಳುತ್ತದೆ.

ಆರಿಸುವ ಹಕ್ಕು ಗೌಡರಿಂದ ಮಾಲೀಕರಿಗೆ, ಧಾರವಾಡಕ್ಕೆ, ದಿಲ್ಲಿಗೆ, ಮೊಬೈಲ್ ಅಂಗಡಿಯ ಹುಡುಗನಿಗೆ ದಾಟಿ ಕಡೆಗೆ ನಮ್ಮ ಕೈಗೇ ಬಂದಿದೆ ಎಂದುಕೊಂಡಿದ್ದೇವೆ. ಆದರೆ ಒಂದು ಹಾಡು ಮುಗಿದ ಕೂಡಲೇ ಫೋನು ತಾನೇ ಇನ್ನೊಂದನ್ನು ಹಚ್ಚುತ್ತದೆ. ನಾವು ತಡೆಯುವುದಿಲ್ಲ. ಹಿಂದಿನವರಿಗೆಲ್ಲ ಊರಿತ್ತು, ಹೆಸರಿತ್ತು. ಆಟ ಸರಿಬರದಿದ್ದರೆ ಮರುದಿನ ಹೋಗಿ ಜಗಳ ಮಾಡಬಹುದಿತ್ತು. ಈ ಹೊಸ ಗೌಡನ ಮನೆ ಎಲ್ಲಿದೆ ಯಾರಿಗೂ ಗೊತ್ತಿಲ್ಲ.

ಹೀಗೆ ಎಲ್ಲರೂ ಬೇರೆ ಬೇರೆ ಹಾಡು ಕೇಳುವ ಕಾಲದಲ್ಲಿ, ಇಡೀ ಊರು ಒಂದೇ ಹಾಡನ್ನು ಒಟ್ಟಿಗೆ ಕೇಳುವ ಹೊತ್ತು ದಿನಕ್ಕೊಂದು ಉಳಿದಿದೆ. ಮುಂಜಾನೆ ಓಣಿಯ ತುದಿಯಲ್ಲಿ ಅದು ಶುರುವಾಗುತ್ತದೆ. ಪಡಸಾಲೆಯವರು, ಅಡುಗೆಮನೆಯವರು, ಹಾಸಿಗೆಯಲ್ಲಿ ಫೋನು ಹಿಡಿದು ಮಲಗಿದವರು ಎಲ್ಲರಿಗೂ ಬಾಯಿಪಾಠ. ಕೇಳಿದೊಡನೆ ಮನೆಗೊಬ್ಬರು ಬಾಗಿಲಿಗೆ ಓಡಿ ಬರುತ್ತಾರೆ. ಹಾಡು ಪುರಸಭೆಯವರು ಆರಿಸಿದ್ದು, ಬರುತ್ತಿರುವುದು ಕಸದ ಗಾಡಿಯ ಮೇಲಿನ ಹಾರ್ನಿನಿಂದ. ಮೈಕಿನವನ ಹಿಂದಿನ ಖೋಲಿಯಲ್ಲಿ ಎಲ್ಲವೂ ಇದ್ದವು, ಹಾರ್ನು ಒಂದು ಕಾಣಲಿಲ್ಲವಲ್ಲ ಎಂದು ಈಗ ನೆನಪಾಗುತ್ತದೆ.